ನೀಲಿ ಬಾರದ ಟ್ಯೂಬು

ನಮ್ಮ ಕುಟುಂಬದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದೇನು ಯಾರೋ ಬಿಟ್ಟಿ ಕೊಟ್ಟದ್ದಲ್ಲ.

ಅಪ್ಪ ರಂಪಣಿ ಬಲೆ ಎಳೆಯುವವರ ಗುಂಪಿನಲ್ಲಿದ್ದ. ಅಮ್ಮ ಹೊಳೆಬದಿಯ ನಮ್ಮ ಮನೆಯಿಂದ ಉರ್ವದ ಮಾರ್ಕೆಟಿಗೆ ಮೀನಿನ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದಳು. ನಮ್ಮದು ಅಳಿಯಸಂತಾನದ ಮನೆ; ಸೋದರಮಾವ ಹೇಳಿದ್ದೇ ಕಡೆಯ ಮಾತು. ನಾನು ಇಂಟರ್‌ಮೀಡಿಯೆಟ್ ಪಾಸಾದಾಗ ಮಾವ ಜಗಲಿಯಲ್ಲಿ ಕುಳಿತು ವೀಳ್ಯಕ್ಕೆ ಸುಣ್ಣ ಹಚ್ಚುತ್ತ ಕೇಳಿದರು, "ಹುಡುಗಿ ಇನ್ನೂ ಓದಿ ಎಂತ ಮಾಡ್ಲಿಕ್ಕುಂಟು?" ನಮ್ಮ ಮನೆಮಾತು ತುಳು, ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಮ್ಮ ಬುಟ್ಟಿ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಎಂತ ಮಾಡ್ಲಿಕ್ಕುಂಟು ಅಂತ ಅವಳೇ ನೋಡ್ಲಿ ಅಣ್ಣ. ಮೀನು ಮಾರ್ಲಿಕ್ಕೆ ನಾನಿದ್ದೇನಲ್ಲ," ಎಂದಳು. ಮಾವ ವೀಳ್ಯ ಬಾಯಿಗೆ ಹಾಕಿಕೊಂಡರು. ಬಾಯಿ ತುಂಬಿದ ಮೇಲೆ ಅವರು ವಾದ ಮಾಡುವವರಲ್ಲ. ಹಾಗೆ ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದೆ.

ಆಮೇಲೆ ಊರಿನ ವೈದ್ಯಕೀಯ ಕಾಲೇಜೊಂದರ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಲಸ ಖಾಯಂ ಅಲ್ಲ, ಪ್ರಾಜೆಕ್ಟ್ ಇರುವಷ್ಟು ದಿನ ಮಾತ್ರ. ಆದರೂ ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಕಿಟಕಿಯ ಗಾಜಿನಲ್ಲಿ ನನ್ನನ್ನೇ ನೋಡಿಕೊಂಡದ್ದು ನೆನಪಿದೆ. ಕೋಟು ನನಗಿಂತ ದೊಡ್ಡದಿತ್ತು. ತೋಳು ಮಡಚಿಕೊಂಡೆ.

ಪ್ರಾಜೆಕ್ಟಿನ ವಿಷಯ ನನ್ನ ಮನೆಯಂಗಳದ್ದೇ. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಇರುಳುಗುರುಡಿನ ಮಕ್ಕಳು ಬರುತ್ತಿದ್ದರು. ಕಣ್ಣಿನ ಬಿಳಿಭಾಗ ಒಣಗಿ, ಸಂಜೆಯಾದರೆ ತಾಯಿಯ ಸೆರಗು ಹಿಡಿದು ತಡವುತ್ತ ನಡೆಯುವ ಮಕ್ಕಳು. ಅವರಿಗೆ ಬೇಕಾದದ್ದು ಎ ಜೀವಸತ್ವ. ಅದಕ್ಕೆ ವಿಲಾಯತಿಯಿಂದ ಕಾಡ್ ಮೀನಿನ ಎಣ್ಣೆಯ ಬಾಟಲಿ ಬರಬೇಕಿತ್ತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಕಡಲಿನಲ್ಲಿಯೋ ತಾಟೆ ಮೀನು ಬೇಕಾದಷ್ಟು. ತಾಟೆ ಎಂದರೆ ಶಾರ್ಕ್. ಅದರ ಪಿತ್ತಜನಕಾಂಗವನ್ನು ಕುದಿಸಿ ತೆಗೆದ ಎಣ್ಣೆಯನ್ನು ನಮ್ಮವರು ಮಳೆಗಾಲಕ್ಕೆ ಮೊದಲು ದೋಣಿಗೆ ಬಳಿಯುತ್ತಿದ್ದರು, ಮರ ಕೊಳೆಯದಿರಲಿ ಎಂದು. ಆ ಎಣ್ಣೆಯಲ್ಲಿ ಎ ಜೀವಸತ್ವ ಎಷ್ಟಿದೆ, ಬಾಟಲಿಯಲ್ಲಿ ಇಟ್ಟರೆ ಎಷ್ಟು ಬೇಗ ಕಡಿಮೆಯಾಗುತ್ತದೆ, ಒಂದು ಮಗುವಿಗೆ ಎಷ್ಟು ಚಮಚ ಕೊಡಬೇಕು? ಇದನ್ನು ಅಳೆದು ಹೇಳುವುದು ನನ್ನ ಕೆಲಸ.

ಅಳೆಯುವ ವಿಧಾನ ಕೇಳಲು ಸುಲಭ. ಎಣ್ಣೆಯನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಬೇಕು. ಅದಕ್ಕೆ ಆಂಟಿಮನಿ ಟ್ರೈಕ್ಲೋರೈಡ್ ಎಂಬ ಲವಣದ ದ್ರಾವಣ ಸುರಿಯಬೇಕು. ಜೀವಸತ್ವ ಇದ್ದರೆ ಕೂಡಲೇ ನೀಲಿ ಬಣ್ಣ ಬರುತ್ತದೆ. ಹೆಚ್ಚು ಇದ್ದಷ್ಟೂ ಗಾಢ ನೀಲಿ. ಕಲರಿಮೀಟರ್ ಎಂಬ ಯಂತ್ರದಲ್ಲಿ ಟ್ಯೂಬನ್ನಿಟ್ಟರೆ ಮುಳ್ಳು ಆ ಗಾಢತೆಯನ್ನು ತೋರಿಸುತ್ತದೆ. ಕಷ್ಟ ಎಂದರೆ ಆ ನೀಲಿ ನಿಲ್ಲುವುದಿಲ್ಲ. ಕಣ್ಣೆದುರೇ ಮಾಸಿ ಹೋಗುತ್ತದೆ. ಸುರಿಯುವುದು, ಇಡುವುದು, ಮುಳ್ಳು ನೋಡುವುದು ಮೂರೂ ಒಂದೇ ಉಸಿರಿನಲ್ಲಿ ಆಗಬೇಕು. ವಿಭಾಗದಲ್ಲಿ ನನ್ನಷ್ಟು ಚುರುಕಾಗಿ ಅದನ್ನು ಮಾಡುವವರು ಇರಲಿಲ್ಲ. ಚಿಕ್ಕಂದಿನಿಂದ ಬಂಗುಡೆ ಮೀನು ಕೊಯ್ದ ಕೈ. ನಿಧಾನ ಮಾಡಿದರೆ ಬೆಕ್ಕು ಹೊತ್ತೊಯ್ಯುತ್ತದೆ ಎಂದು ಗೊತ್ತಿದ್ದ ಕೈ.

ನಮ್ಮ ಪ್ರೊಫೆಸರರು ಘಟ್ಟದ ಮೇಲಿನವರು, ಮೈಸೂರಿನ ಕಡೆಯವರು. ನನ್ನ ಕೈಕೆಲಸ ನೋಡಿ, "ಪರವಾಗಿಲ್ವೇ ಕಣಮ್ಮ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಇನ್ನೊಬ್ಬರು ಡೆಮಾನ್‌ಸ್ಟ್ರೇಟರು, ಊರಿನವರೇ, ಮೀನು ಮುಟ್ಟದ ಮನೆಯವರು. ಎಣ್ಣೆಯ ಬಾಟಲಿ ತೆರೆದರೆ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. "ನೀವು ಬಂದದ್ದು ಗೊತ್ತಾಗ್ಲಿಕ್ಕೆ ಬಾಗಿಲು ನೋಡುವುದೇ ಬೇಡ ಮಾರಾಯ್ತಿ," ಎನ್ನುತ್ತಿದ್ದರು. "ನಿಮ್ಮ ಮೂಗಿಗೂ ಸ್ವಲ್ಪ ಕೆಲಸ ಬೇಡವಾ ಸರ್?" ಎಂದು ನಾನೂ ಹೇಳುತ್ತಿದ್ದೆ. ಜಗಳವಲ್ಲ, ಪ್ರೀತಿಯೂ ಅಲ್ಲ. ದಿನ ಹಾಗೆ ಹೋಗುತ್ತಿತ್ತು.

ಮಳೆ ಹಿಡಿಯಿತು. ಅಲ್ಲಿಂದ ಕಷ್ಟ ಶುರುವಾಯಿತು.

ಆ ಆಂಟಿಮನಿ ಲವಣಕ್ಕೆ ನೀರೆಂದರೆ ಆಗದು. ಟ್ಯೂಬಿನ ಒಳಗೆ ಕಣ್ಣಿಗೆ ಕಾಣದಷ್ಟು ತೇವ ಇದ್ದರೂ ಸಾಕು, ದ್ರಾವಣ ಗಂಜಿತಿಳಿಯ ಹಾಗೆ ಬೆಳ್ಳಗಾಗುತ್ತದೆ. ನೀಲಿಯೂ ಇಲ್ಲ, ರೀಡಿಂಗೂ ಇಲ್ಲ. ನಮ್ಮೂರಿನ ಮಳೆಗಾಲದಲ್ಲಿ ಒಣಗಿದ್ದು ಎಂಬುದು ಯಾವುದಿರುತ್ತದೆ? ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ತೇವ ಹೀರಲಿ ಎಂದು ಗಾಜಿನ ಭರಣಿಯಲ್ಲಿ ಇಟ್ಟಿದ್ದ ಕ್ಯಾಲ್ಸಿಯಂ ಕ್ಲೋರೈಡ್ ತಾನೇ ಕರಗಿ ನೀರಾಗಿ ಕುಳಿತಿತ್ತು. ವಿಭಾಗದ ಬಿಸಿಗಾಳಿಯ ಒವನ್ನಿನ ಕಾಯಿಲ್ ಸುಟ್ಟುಹೋಗಿತ್ತು. ಹೊಸದು ಬೊಂಬಾಯಿಯಿಂದ ಬರಬೇಕು. ಇದ್ದಿಲಿನ ಅಗ್ಗಿಷ್ಟಿಕೆ ಇಡೋಣವೇ ಎಂದು ಕೇಳಿದೆ. "ಕ್ಲೋರೋಫಾರ್ಮ್ ಇರೋ ಕಡೆ ಬೆಂಕಿಯಾ? ವಿಷಗಾಳಿ ಎದ್ದು ಎಲ್ಲರೂ ಮಲಗ್ತೀವಿ ಅಷ್ಟೆ," ಎಂದರು ಪ್ರೊಫೆಸರರು.

ಅಷ್ಟು ಹೊತ್ತಿಗೆ ಮದರಾಸಿನಿಂದ ಒಂದು ಸುದ್ದಿ ಬಂತು. ಆಟಿ ತಿಂಗಳು, ಅಂದರೆ ನಮ್ಮ ಕಡೆಯ ಆಷಾಢ, ಮುಗಿಯುವ ಹೊತ್ತಿಗೆ ಅಲ್ಲಿಂದ ಒಬ್ಬ ಹಿರಿಯ ವಿಜ್ಞಾನಿ ಬಂದು ನಮ್ಮ ಕೆಲಸ ನೋಡುತ್ತಾರೆ. ಅವರು ಸರಿ ಎಂದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ಅದೇ ಕೆಲಸದ ಮೇಲೆ ನಾನು ಎಂ.ಎಸ್ಸಿ.ಗೆ ಹೆಸರು ನೋಂದಾಯಿಸಬಹುದು. ಅವರು ತಲೆ ಅಲ್ಲಾಡಿಸಿದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ. "ನಂಬರು ನಂಬೋ ಹಾಗಿರ್ಬೇಕಮ್ಮ, ಅಷ್ಟೇ ಅವರು ಕೇಳೋದು," ಎಂದರು ಪ್ರೊಫೆಸರರು. ಅಷ್ಟೇ ಎಂದು ಅವರು ಹೇಳಿದ ಆ ಅಷ್ಟರಲ್ಲಿ ನನ್ನ ಬದುಕಿತ್ತು.

ಮನೆಗೆ ಬಂದು ಒಲೆಯ ಮುಂದೆ ಕುಳಿತಾಗ ಮೇಲೆ ನೋಡಿದೆ. ಕಡಲ ಬದಿಯ ಮನೆಗಳಲ್ಲಿ ಒಲೆಯ ಮೇಲೆ ಬಿದಿರಿನ ತಟ್ಟಿಯ ಅಟ್ಟ ಇರುತ್ತದೆ. ಮಳೆಗಾಲದಲ್ಲಿ ಒಣಗಬೇಕಾದದ್ದೆಲ್ಲ ಅಲ್ಲಿಗೆ: ಸೌದೆ, ಬೆಂಕಿಪೆಟ್ಟಿಗೆ, ಹುಣಸೆ, ಬೂತಾಯಿಯ ಉಪ್ಪುಮೀನು, ತಮ್ಮನ ಚಡ್ಡಿ. ಊರೆಲ್ಲ ನೆನೆದಿದ್ದರೂ ಅದೊಂದು ಜಾಗ ಗರಿಗರಿ. ಮಾರನೆಯ ದಿನ ಪ್ರೊಫೆಸರರ ಅನುಮತಿ ಪಡೆದು ತೊಳೆದ ಟ್ಯೂಬುಗಳನ್ನು ಹತ್ತಿ ಹಾಸಿದ ಮರದ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದೆ. ಒಂದು ಟ್ಯೂಬನ್ನು ಮಾತ್ರ ಅವರು ಬಿಡಲಿಲ್ಲ. ಯಂತ್ರದ ಮುಳ್ಳನ್ನು ಸೊನ್ನೆಗೆ ನಿಲ್ಲಿಸಲು ಬಳಸುವ ಟ್ಯೂಬು ಅದು; ಅದರಲ್ಲಿ ಎಣ್ಣೆ ಹಾಕುವುದಿಲ್ಲ. ಅದನ್ನು ತಮ್ಮ ಬೀರುವಿನಲ್ಲೇ ಬೀಗ ಹಾಕಿಟ್ಟು, ದಿನವೂ ತಾವೇ ನೀರಿನಂಶವಿಲ್ಲದ ಆಲ್ಕೊಹಾಲಿನಲ್ಲಿ ತೊಳೆದು ಕೊಡುತ್ತಿದ್ದರು. ಎಲ್ಲ ಟ್ಯೂಬಿಗೂ ಸಾಲುವಷ್ಟು ಆ ಆಲ್ಕೊಹಾಲು ಇರಲಿಲ್ಲ.

"ಇದೆಂತ, ಗಾಜಿನ ಸುಕ್ಕ ಮಾಡ್ಲಿಕ್ಕುಂಟಾ?" ಎಂದಳು ಅಮ್ಮ ಪೆಟ್ಟಿಗೆ ನೋಡಿ. ವಿಷಯ ಹೇಳಿದೆ. ಕಾಲೇಜಿನ ಸಾಮಾನು ತನ್ನ ಅಟ್ಟಕ್ಕೆ ಬಂದದ್ದು ಅವಳಿಗೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಉಪ್ಪುಮೀನನ್ನೆಲ್ಲ ಒಂದು ಮೂಲೆಗೆ ತಳ್ಳಿ, ತಮ್ಮನ ಚಡ್ಡಿಯನ್ನು ಹಗ್ಗಕ್ಕೆ ಕಳುಹಿಸಿದಳು.

ಮಾರನೆಯ ದಿನ ದ್ರಾವಣ ಬೆಳ್ಳಗಾಗಲಿಲ್ಲ. ಸುರಿದ ಕೂಡಲೇ ನೀಲಿ. ಎಂಥ ನೀಲಿ! ಮಳೆ ಬಿಟ್ಟ ಮೇಲಿನ ಆಕಾಶವನ್ನು ತಂದು ಟ್ಯೂಬಿಗೆ ಹೊಯ್ದ ಹಾಗೆ. ಪ್ರೊಫೆಸರರು ಕನ್ನಡಕ ಹಣೆಗೆ ಏರಿಸಿಕೊಂಡು ನೋಡಿದರು. ರೀಡಿಂಗುಗಳು ನಾವು ಎಣಿಸಿದ್ದಕ್ಕಿಂತ ಮೇಲೆಯೇ ಬರತೊಡಗಿದವು. ಬೇಸಿಗೆಯಿಂದ ಬಾಟಲಿಯಲ್ಲಿಟ್ಟ ಎಣ್ಣೆಯ ಶಕ್ತಿಯೂ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಡೆಮಾನ್‌ಸ್ಟ್ರೇಟರು ಕೂಡ ಕರವಸ್ತ್ರ ಕೆಳಗಿಳಿಸಿ, "ನಿಮ್ಮ ತಾಟೆ ವಿಲಾಯತಿಯವರನ್ನು ಸೋಲಿಸಿತಲ್ಲ ಮಾರಾಯ್ತಿ," ಎಂದರು. ವಾರ್ಡಿನ ಡಾಕ್ಟರು ಬಂದು, ಇಷ್ಟು ಶಕ್ತಿ ಇದ್ದರೆ ಮಕ್ಕಳಿಗೆ ಅರ್ಧ ಚಮಚ ಸಾಕಲ್ಲ, ಶುರುಮಾಡೋಣವೇ ಎಂದು ಕೇಳಿಹೋದರು.

ನಾನೂ ಹಿಗ್ಗಿದೆ. ಆದರೆ ಹಿಗ್ಗಿನ ಒಳಗೆ ಏನೋ ಒಂದು ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ತಾಗಿಕೊಂಡಿತ್ತು. ವಿಭಾಗದಲ್ಲಿ ವಿಲಾಯತಿ ಎಣ್ಣೆಯ ಬಾಟಲಿಯೊಂದಿತ್ತು. ಅದರ ಶಕ್ತಿ ಎಷ್ಟೆಂದು ಚೀಟಿಯ ಮೇಲೆ ಅಚ್ಚಾಗಿತ್ತು. ಹಳೆಯ ಬಾಟಲಿ, ಅಚ್ಚಾದದ್ದಕ್ಕಿಂತ ಸ್ವಲ್ಪ ಕಡಿಮೆ ಬರಬೇಕಾದದ್ದು ನ್ಯಾಯ. ಯಾರೂ ಹೇಳದೆ, ನನ್ನಷ್ಟಕ್ಕೇ ಅದನ್ನು ಅಳೆದೆ. ಹೆಚ್ಚು ಬಂತು. ಇನ್ನೊಮ್ಮೆ ಅಳೆದೆ. ಮತ್ತೂ ಹೆಚ್ಚು.

ಬಾಟಲಿಯೊಳಗೆ ಇದ್ದದ್ದಕ್ಕಿಂತ ಹೆಚ್ಚು ಬಾಟಲಿಯಿಂದ ಬರುವುದು ಹೇಗೆ?

ಸಂತೋಷವಾಗಿರುವಾಗ ಇಂಥ ಪ್ರಶ್ನೆ ಕೇಳಿಕೊಳ್ಳುವುದು ಬಹಳ ಕಷ್ಟ. ಕೇಳಿಕೊಂಡೆ ಎನ್ನುವುದೇ ಇವತ್ತಿಗೂ ನನ್ನ ಹೆಮ್ಮೆ. ಮನೆಯಿಂದ ಒಣಗಿ ಬಂದ ಒಂದು ಟ್ಯೂಬಿಗೆ ಎಣ್ಣೆ ಹಾಕದೆ ಬರೀ ಕ್ಲೋರೋಫಾರ್ಮ್ ಹಾಕಿ, ಅದರ ಮೇಲೆ ಆಂಟಿಮನಿ ದ್ರಾವಣ ಸುರಿದೆ. ಏನೂ ಬರಬಾರದು. ನೀರಿನ ಹಾಗೆ ತಿಳಿಯಾಗಿರಬೇಕು.

ತೆಳ್ಳಗೆ ನೀಲಿ ಬಂತು. ಬಂದು ಮಾಸಿತು.

ಸೊನ್ನೆಯ ಟ್ಯೂಬು ಬೀರುವಿನಲ್ಲಿ ಶುದ್ಧವಾಗಿತ್ತು. ಅದರಿಂದ ಯಂತ್ರಕ್ಕೆ ಈ ಕಳ್ಳ ನೀಲಿ ಗೊತ್ತೇ ಆಗಿರಲಿಲ್ಲ. ಮನೆಗೆ ಹೋಗಿ ಬಂದ ಟ್ಯೂಬುಗಳಲ್ಲಿ ಮಾತ್ರ ಏನೋ ಅಂಟಿಕೊಂಡಿತ್ತು. ಅಂದರೆ ಮಳೆ ಹಿಡಿದ ಮೇಲೆ ತೆಗೆದ ಒಳ್ಳೆಯ ರೀಡಿಂಗುಗಳೆಲ್ಲ ಸುಳ್ಳು. ಆ ಸುಳ್ಳನ್ನು ನಂಬಿ ಅರ್ಧ ಚಮಚ ಕೊಟ್ಟರೆ ಕಣ್ಣು ಒಣಗಿದ ಮಕ್ಕಳಿಗೆ ಸಿಗಬೇಕಾದಷ್ಟು ಸಿಗುವುದಿಲ್ಲ.

ನೇರ ಪ್ರೊಫೆಸರರ ಕೋಣೆಗೆ ಹೋಗಿ, ಇನ್ನೊಂದು ಟ್ಯೂಬಿನಲ್ಲಿ ಅವರ ಕಣ್ಣೆದುರೇ ಸುರಿದು ತೋರಿಸಿದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. "ಮದರಾಸಿನೋರು ಬರೋಕೆ ಇನ್ನು ಎಷ್ಟು ದಿನ ಅಂತ ಗೊತ್ತಲ್ಲಮ್ಮ ನಿಂಗೆ?" ಎಂದರು.

"ಗೊತ್ತು ಸರ್."

"ಸರಿ. ಡಾಕ್ಟರಿಗೆ ನಾನು ಹೇಳ್ತೀನಿ, ಕಾಯ್ಲಿ ಅಂತ. ನೀನು ಆ ನೀಲಿ ಎಲ್ಲಿಂದ ಬಂತು ಅಂತ ಹಿಡ್ಕೊಂಡು ಬಾ."

ಹೊರಗೆ ಡೆಮಾನ್‌ಸ್ಟ್ರೇಟರು ಕೇಳಿಸಿಕೊಂಡಿದ್ದರು. "ಮೀನಿನ ಮನೆಗೆ ಗಾಜು ತಕೊಂಡು ಹೋದ್ರೆ ಮತ್ತೆಂತ ಆಗ್ತದೆ? ಅಟ್ಟದ ಮೇಲೆ ಬೂತಾಯಿ, ಬೂತಾಯಿಯ ಪಕ್ಕ ಟ್ಯೂಬು. ಭಾರೀ ಸಂಶೋಧನೆ," ಎಂದರು. ನಾನು ತಿರುಗಿ ನಿಂತೆ. "ಬೂತಾಯಿಯಾ ಅಲ್ಲವಾ ಅಂತ ನಾಳೆ ಹೇಳ್ತೇನೆ ಸರ್. ಅಂದಾಜಿನಲ್ಲಿ ಹೇಳುವುದಾದ್ರೆ ನಮಗೆ ಕಲರಿಮೀಟರ್ ಯಾಕೆ, ನಿಮ್ಮ ಮೂಗು ಸಾಕಲ್ಲ." ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ನಿಜಕ್ಕೂ ನನ್ನ ಸಂಶಯವೂ ಉಪ್ಪುಮೀನಿನ ಮೇಲೆಯೇ ಇತ್ತು. ಆ ದಿನ ಅಟ್ಟದ ಮೇಲೆ ಟ್ಯೂಬುಗಳನ್ನು ನಾನೇ ಇಟ್ಟು, ಬೆಳಿಗ್ಗೆ ಬೇಗ ಎದ್ದು ಅಡಿಗೆಕೋಣೆಯಲ್ಲಿ ಕುಳಿತೆ. ಕೆಲವನ್ನು ಕೂಡಲೇ ಇಳಿಸಿ ಬೇರೆ ಕಟ್ಟಿಟ್ಟೆ. ಉಳಿದವನ್ನು ಮುಟ್ಟದೆ ಬಿಟ್ಟೆ. ಅಮ್ಮ ಬಂದಳು. ದಿನವೂ ನಾನು ಗಂಜಿ ಉಣ್ಣುವ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಗಿರುತ್ತಿತ್ತು. ಅವಳು ಅದನ್ನು ಸಿದ್ಧ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದೆ. ಒಂದೊಂದೇ ಟ್ಯೂಬು ಇಳಿಸಿದಳು. ಮೆತ್ತಗಿನ ಹಳೆಯ ಬಟ್ಟೆಯ ತುಂಡನ್ನು ಸುರುಳಿ ಮಾಡಿ ಟ್ಯೂಬಿನ ಒಳಗೆ ತೂರಿಸಿ, ಮಗುವಿನ ಕಿವಿ ಒರೆಸುವಷ್ಟು ಜಾಗ್ರತೆಯಿಂದ ತಿರುಗಿಸಿ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೊಳೆಯಿತು. ತೃಪ್ತಿಯಿಂದ ಹತ್ತಿಯ ಮೇಲೆ ಮಲಗಿಸಿದಳು.

"ಆ ಬಟ್ಟೆ ಯಾವುದಮ್ಮ?"

"ಅಪ್ಪನ ಹಳೆ ಮುಂಡು. ಮನೆಯಲ್ಲಿ ಅಷ್ಟು ಮೆತ್ತಗಿನದ್ದು ಬೇರೆ ಇಲ್ಲ. ದೋಣಿಗೆ ಎಣ್ಣೆ ಬಳಿದದ್ದು ಅದರಲ್ಲೇ. ಹೆದರ್ಬೇಡ, ಸೀಗೆ ಹಾಕಿ ತೊಳ್ದಿದ್ದೇನೆ."

ಅಂಗಳದ ತೆಂಗಿನ ಮಡಲಿನ ಮಾಡಿನಡಿ ನಮ್ಮ ದೋಣಿ ಬೋರಲು ಮಲಗಿತ್ತು, ತಾಟೆ ಎಣ್ಣೆ ಕುಡಿದು ಕಪ್ಪಗೆ ಮಿನುಗುತ್ತ.

ಕಾಲೇಜಿಗೆ ಹೋಗಿ ಎರಡು ಬಗೆಯ ಟ್ಯೂಬುಗಳನ್ನೂ ಪರೀಕ್ಷಿಸಿದೆ. ಅಟ್ಟದಿಂದ ಇಳಿಸಿ ಒರೆಸದೇ ತಂದದ್ದರಲ್ಲಿ ಏನೂ ಬರಲಿಲ್ಲ, ತಿಳಿನೀರು. ಅಮ್ಮ ಒರೆಸಿದ್ದರಲ್ಲಿ ನೀಲಿ. ಬೂತಾಯಿ ನಿರಪರಾಧಿ. ಡೆಮಾನ್‌ಸ್ಟ್ರೇಟರ ಮೇಜಿನ ಮೇಲೆ ಎರಡು ಬಗೆಯದನ್ನೂ ಇಟ್ಟು, ಅವರ ಎದುರೇ ದ್ರಾವಣ ಸುರಿದು, ಮುಂಡಿನ ವಿಷಯ ಹೇಳಿದೆ. ಅವರು ನೋಡಿ, "ಒರೆಸಿದ್ದು ತಪ್ಪಾಯಿತು ಅಂತ ಕಾಣ್ತದೆ ಅಲ್ವಾ?" ಎಂದಷ್ಟೇ ಹೇಳಿದರು. ಆ ದಿನ ಕರವಸ್ತ್ರ ಹೊರಗೆ ಬರಲಿಲ್ಲ.

ವಿಜ್ಞಾನಕ್ಕೆ ಹೇಳುವುದು ಸುಲಭವಾಗಿತ್ತು. ಅಮ್ಮನಿಗೆ ಹೇಳುವುದು ಕಷ್ಟ. ನನ್ನ ಸಾಮಾನು ಕಾಲೇಜಿನಲ್ಲಿ ನಾಲ್ಕು ಜನರ ಮುಂದೆ ಹೊಳೆಯಲಿ ಎಂದು ಒರೆಸಿದ ಕೈ ಅದು. ಆ ಕೈಯಿಂದಲೇ ಕೆಲಸ ಕೆಟ್ಟಿತು ಎಂದು ಹೇಗೆ ಹೇಳಲಿ? ಸುತ್ತುಬಳಸಿ ಶುರುಮಾಡಿದೆ. ಅಮ್ಮನಿಗೆ ಸುತ್ತುಬಳಸು ತಿಳಿಯುವುದಿಲ್ಲ.

"ನನ್ನ ಬಟ್ಟೆ ಕೊಳಕು ಅಂತ ಹೇಳ್ತಿಯಾ?"

"ಕೊಳಕಲ್ಲಮ್ಮ. ಎಣ್ಣೆಯ ಪಸೆ ಉಂಟು. ಕಣ್ಣಿಗೆ ಕಾಣುವುದಿಲ್ಲ."

"ಸೀಗೆ ಹಾಕಿ ಕುಕ್ಕಿದ ಬಟ್ಟೆ ಮಾರಾಯ್ತಿ ಅದು! ಕೈ ಸೋಲುವವರೆಗೆ ಕುಕ್ಕಿದ್ದೇನೆ."

"ಆದ್ರೂ ಉಳಿದಿದೆ. ಎಣ್ಣೆ ಹಾಕದ ಟ್ಯೂಬಿನಲ್ಲಿ ನೀಲಿ ಬಂತು."

ಅಮ್ಮ ಮುಖ ತಿರುಗಿಸಿ ಒಲೆಗೆ ಸೌದೆ ದೂಡಿದಳು. ಅತ್ತಳೋ ಏನೋ ಎಂದು ಬಗ್ಗಿ ನೋಡಿದೆ. ಹೊಗೆಯ ನಡುವಿನಿಂದ ಅವಳ ದನಿ ಬಂತು. "ಅಷ್ಟು ಕುಕ್ಕಿದ ಮೇಲೆಯೂ ಬಟ್ಟೆಯಲ್ಲಿ ಉಳಿದ ಪಸೆಗೆ ನೀಲಿ ಬಂತಾ?"

"ಬಂತು."

"ಹಾಗಾದ್ರೆ ಭಾರೀ ಒಳ್ಳೆ ಎಣ್ಣೆಯೇ ಅದು," ಎಂದಳು. ತಿರುಗಿದಾಗ ಅವಳ ಮುಖದಲ್ಲಿ ಇದ್ದದ್ದು ನಗು. ಉರ್ವದ ಮಾರ್ಕೆಟಿನಲ್ಲಿ ಒಳ್ಳೆಯ ಅಂಜಲ್ ಮೀನು ಸಿಕ್ಕ ದಿನ ಗಿರಾಕಿಯನ್ನು ಕರೆಯುವಾಗಿನ ನಗು.

ಅವಳೇ ಅಕ್ಕಿ ಹಾಕಿಡುವ ಹೊಸ ಮಡಕೆಯೊಂದನ್ನು ಖಾಲಿ ಮಾಡಿ ಕೊಟ್ಟಳು. ಟ್ಯೂಬುಗಳನ್ನು ಕಾಲೇಜಿನಲ್ಲೇ ಕ್ಲೋರೋಫಾರ್ಮಿನಲ್ಲಿ ಜಾಲಿಸಿ ತಂದೆ. ಮಡಕೆಯಲ್ಲಿ ಬೋರಲಿಟ್ಟು, ಬಾಯಿಗೆ ಔಷಧಿ ಅಂಗಡಿಯ ಹೊಸ ಬ್ಯಾಂಡೇಜ್ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟೆ. ಇಳಿಸುವುದು, ಮುಚ್ಚುವುದು ಎಲ್ಲ ನಾನೇ. ಅಮ್ಮ ಒಲೆಯ ಉರಿ ಮಾತ್ರ ನೋಡಿಕೊಂಡಳು. ಆದರೆ ಮಡಕೆಯ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ. ಸೋದರಮಾವ ಬೀಡಿಗೆ ಬೆಂಕಿ ತೆಗೆದುಕೊಳ್ಳಲು ಬಂದರೆ, "ಅಣ್ಣ, ದೂರ. ಮೇಲೆ ಕಾಲೇಜುಂಟು," ಎಂದಳು. ಮಾವ ನಿಜಕ್ಕೂ ದೂರ ನಿಂತರು. ನನ್ನ ಓದು ಎಂತಕ್ಕೆ ಎಂದು ಕೇಳಿದವರು ತಲೆ ಮೇಲೆತ್ತಿ ಆ ಮಡಕೆಯನ್ನು ನೋಡುತ್ತ ನಿಂತ ಭಂಗಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಳೆಯ ರೀಡಿಂಗುಗಳನ್ನೆಲ್ಲ ಬಿಟ್ಟು ಮೊದಲಿನಿಂದ ಅಳೆದೆ. ನಂಬರುಗಳು ಇಳಿದವು. ನಮ್ಮ ಎಣ್ಣೆ ವಿಲಾಯತಿಯದನ್ನು ಸೋಲಿಸಲಿಲ್ಲ. ಅದರ ಸಮಸಮ ನಿಂತಿತು. ಬಾಟಲಿಯಲ್ಲಿಟ್ಟರೆ ಶಕ್ತಿ ನಿಧಾನವಾಗಿ ಇಳಿಯುತ್ತಿದ್ದುದೂ ಈಗ ಸ್ಪಷ್ಟವಾಗಿ ಕಂಡಿತು. ಬೆಳಕಿಗಿಟ್ಟದ್ದು ಬೇಗ, ಕಂದು ಬಾಟಲಿಯಲ್ಲಿ ತುಂಬಿ ಮುಚ್ಚಿಟ್ಟದ್ದು ತಡವಾಗಿ. ವಿಲಾಯತಿ ಬಾಟಲಿಯೂ ಚೀಟಿಗಿಂತ ಒಂದಿಷ್ಟು ಕೆಳಗೆ, ನ್ಯಾಯವಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅದನ್ನು ನೋಡಿದಾಗ ನನಗೆ ಉಸಿರು ಬಂತು.

ಮದರಾಸಿನವರು ಜಡಿಮಳೆಯಲ್ಲೇ ಬಂದರು. ಕುಳ್ಳಗಿನ ಮನುಷ್ಯ, ಮಾತು ಕಡಿಮೆ. ನೆನೆದ ಷೂ ಬಿಚ್ಚಿ ಬರಿಗಾಲಿನಲ್ಲೇ ಲ್ಯಾಬೊಳಗೆ ಬಂದರು. ನನ್ನ ಗ್ರಾಫ್‌ಗಳನ್ನು ನೋಡಿದರು. ಹೊರಗೆ ಸುರಿಯುವ ಮಳೆಯನ್ನು ನೋಡಿದರು. ಮತ್ತೆ ಗ್ರಾಫ್ ನೋಡಿದರು. ಇಂಗ್ಲಿಷಿನಲ್ಲಿ ಕೇಳಿದರು, "ಈ ಹವೆಯಲ್ಲಿ ಈ ಪರೀಕ್ಷೆ ಮಾಡಲು ನಮ್ಮಲ್ಲೇ ಆಗುವುದಿಲ್ಲ. ನಿಮಗೆ ಹೇಗಾಯಿತು?"

ಪ್ರೊಫೆಸರರು ನನ್ನ ಕಡೆ ನೋಡಿದರು. ಉತ್ತರ ನಾನೇ ಹೇಳಬೇಕಿತ್ತು. ನನ್ನ ಇಂಗ್ಲಿಷು ಓದಿದ ಇಂಗ್ಲಿಷು, ಮಾತಾಡಿ ಅಭ್ಯಾಸವಿಲ್ಲ. ಆದರೂ ಒಲೆ, ಅಟ್ಟ, ಮಡಕೆ ಎಲ್ಲವನ್ನೂ ಹೇಳಿದೆ. ಬಟ್ಟೆಯ ನೀಲಿಯನ್ನೂ, ಹಳೆಯ ರೀಡಿಂಗು ಬಿಟ್ಟದ್ದನ್ನೂ ಹೇಳಿದೆ. ಅವರು ಪೆಟ್ಟಿಗೆಯ ಕಡೆ ಕೈ ಚಾಚಿ, ಮಧ್ಯದಿಂದ ಒಂದು ಟ್ಯೂಬನ್ನು ತಾವೇ ಆರಿಸಿದರು. "ಎಣ್ಣೆ ಬೇಡ. ಇದರಲ್ಲಿ ಬರೀ ಕ್ಲೋರೋಫಾರ್ಮ್," ಎಂದರು.

ಸುರಿದೆ. ಆಂಟಿಮನಿ ದ್ರಾವಣವನ್ನೂ ಸುರಿದೆ. ಟ್ಯೂಬನ್ನು ಬೆಳಕಿಗೆ ಹಿಡಿದೆ.

ಏನೂ ಬರಲಿಲ್ಲ. ಬಿಳಿಯೂ ಇಲ್ಲ, ನೀಲಿಯೂ ಇಲ್ಲ. ಟ್ಯೂಬಿನ ಆಚೆ ಕಿಟಕಿಯ ಸರಳು, ಅದರಾಚೆ ಮಳೆ, ಎಲ್ಲ ನೆಟ್ಟಗೆ ಕಾಣುತ್ತಿತ್ತು. ಆಮೇಲೆ ನಾನು ಎಷ್ಟೋ ಬಣ್ಣ ನೋಡಿದ್ದೇನೆ, ಎಷ್ಟೋ ಯಂತ್ರಗಳಲ್ಲಿ ಅಳೆದಿದ್ದೇನೆ. ಬಣ್ಣ ಬಾರದ ಆ ಒಂದು ಟ್ಯೂಬಿನಷ್ಟು ಹೆಮ್ಮೆ ನನಗೆ ಇನ್ಯಾವುದೂ ಕೊಟ್ಟಿಲ್ಲ.

ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ಸ್ಟ್ಯಾಂಡಿನಲ್ಲಿಟ್ಟರು. "ಈಗ ಎಣ್ಣೆ ತನ್ನಿ," ಎಂದರು. ತಂದೆ. ನೀಲಿ ಬಂತು, ಮುಳ್ಳು ನನ್ನ ಗ್ರಾಫ್ ಹೇಳಿದಲ್ಲಿಗೇ ಬಂದು ನಿಂತಿತು. ಅವರು ಪ್ರೊಫೆಸರರ ಕಡೆ ತಿರುಗಿ, "ಈ ಹುಡುಗಿಯ ಎಂ.ಎಸ್ಸಿ. ಅರ್ಜಿ ಕಳುಹಿಸಿ," ಎಂದರು. ಪ್ರೊಫೆಸರರು ನನ್ನನ್ನು ನೋಡಿ, "ಪರವಾಗಿಲ್ವೇ ಕಣಮ್ಮ," ಎಂದರು. ಡೆಮಾನ್‌ಸ್ಟ್ರೇಟರು ಒಳಗಿನಿಂದ ಕಾಫಿ ತಂದು ಮದರಾಸಿನವರಿಗೆ ಕೊಟ್ಟರು. ಇನ್ನೊಂದು ಲೋಟ ನನ್ನ ಮುಂದಿಟ್ಟರು. ಅದಕ್ಕೆ ಮೊದಲು ಎಂದೂ ಇಟ್ಟಿರಲಿಲ್ಲ.

ಚೌತಿಯ ನಂತರ ವಾರ್ಡಿನಲ್ಲಿ ಎಣ್ಣೆ ಕೊಡಲು ಶುರುಮಾಡಿದರು. ಅರ್ಧ ಚಮಚವಲ್ಲ, ನಮ್ಮ ಸರಿಯಾದ ಲೆಕ್ಕದಂತೆ ಪೂರ್ತಿ ಚಮಚ. ಮಕ್ಕಳು ಮುಖ ಸಿಂಡರಿಸಿ ನುಂಗುತ್ತಿದ್ದರು.

ಮದರಾಸಿನವರು ಬಂದು ನೋಡಿದ ದಿನ ಸಂಜೆ ನಾನು ಮನೆಗೆ ಓಡಿ ಬಂದಾಗ ಅಮ್ಮ ಮಾರ್ಕೆಟಿನಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. "ನೀಲಿ ಬಂತಾ?" ಎಂದು ಕೇಳಿದಳು.

"ಬರಬಾರದಲ್ಲಿ ಬರಲಿಲ್ಲ ಅಮ್ಮ. ಬರಬೇಕಾದಲ್ಲಿ ಬಂತು. ಇನ್ನೂ ಓದ್ಲಿಕ್ಕುಂಟಂತೆ ನಾನು."

ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೆನ್ನೆ ಮುಟ್ಟಲು ಬಂದವಳು ತಟ್ಟನೆ ನಿಂತಳು. ಕೈಯನ್ನೊಮ್ಮೆ ಮೂಸಿ ನೋಡಿದಳು.

"ಮುಟ್ಟಬಹುದಾ?" ಎಂದಳು. "ಮತ್ತೆ ನೀನೂ ನೀಲಿಯಾದ್ರೆ?"

ಇಬ್ಬರೂ ನಕ್ಕೆವು. ಅಮ್ಮ ಎರಡೂ ಕೈಯಿಂದ ನನ್ನ ಮುಖ ಹಿಡಿದಳು. ಆಮೇಲೆ ಒಲೆಯ ಕಡೆ ನಡೆಯುತ್ತ, "ಹಾಗಾದ್ರೆ ಮಡಕೆ ನಿನ್ನದೇ ಆಯಿತು. ಅಕ್ಕಿಗೆ ನಾನು ಬೇರೆ ನೋಡ್ತೇನೆ," ಎಂದಳು.